ಬೇಕಾದದ್ದು ಎರಡೇ ಬೆರಳು

ಬೆಳಗಿನ ಐದೂಮುಕ್ಕಾಲು. ಕೊಟ್ಟೂರಿನಿಂದ ಕೂಡ್ಲಿಗಿ ಕಡೆಗೆ ಹೊರಟ ರಸ್ತೆ ಊರನ್ನು ಬಿಡುವ ಜಾಗದಲ್ಲಿ ಒಂದು ತಗಡಿನ ಶೆಡ್. ಅದರ ಮುಂದೆ ಒಂದು ಬಿಳಿ ಪಿಕಪ್. ಪಿಕಪ್ಪಿನ ಕೆಳಗಿನಿಂದ ಎರಡು ಪಾದಗಳು ಹೊರಗೆ ಚಾಚಿಕೊಂಡಿವೆ. ಹಿಮ್ಮಡಿಯ ಬಿರುಕುಗಳಲ್ಲಿ ಗ್ರೀಸ್ ಕೂತಿದೆ. ಕಾಲುಂಗುರಗಳು ಸವೆದು ದಾರದಷ್ಟು ತೆಳ್ಳಗಾಗಿವೆ. ಸದ್ಯಕ್ಕೆ ಮೈಲಮ್ಮ ಎಂದರೆ ಈ ಪಾದಗಳಷ್ಟೇ. ಉಳಿದ ಮೈಲಮ್ಮ ಬಾಯಲ್ಲಿ ಸಣ್ಣ ಬ್ಯಾಟರಿ ಕಚ್ಚಿಕೊಂಡು, ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ, ಕಲ್ಲು ಎಲ್ಲೆಲ್ಲಿ ತಾಗಿದೆ ಎಂದು ಹುಡುಕುತ್ತಿದ್ದಾರೆ.

ಬ್ಯಾಟರಿ ಬಾಯಿಂದ ತೆಗೆದ ಸದ್ದು. "ಕ್ರಾಂತೀ, ಎಲ್ಲಿ ಬಡಿತೈತಿ ಅಂದಿ?"

"ಹಿಂದ, ಮೈಲಕ್ಕ. ಹೊಟ್ಟಿಗೆ."

"ಹೊಟ್ಟಿ ಅಂದ್ರ ಎಲ್ಲಿ? ಹೊಟ್ಟಿ ನನಗೂ ಐತಿ, ಮೊಳ ಉದ್ದ ಐತಿ."

ಶೆಡ್ಡಿನ ಪಕ್ಕದ ಚಹಾದಂಗಡಿಯಲ್ಲಿ ಕೂತ ಡ್ರೈವರುಗಳು ನಗುತ್ತಾರೆ. ಕ್ರಾಂತಿ ನಗುವುದಿಲ್ಲ. ಇಟ್ಟಿಗಿ ಊರಿನ ಈ ಇಪ್ಪತ್ತೇಳರ ಹುಡುಗಿಗೆ ರೈತ ಹೋರಾಟಗಳಲ್ಲಿ ಓಡಾಡಿದ ಅಪ್ಪ ಇಟ್ಟ ಹೆಸರದು. ಅವಳ ಹತ್ತಿರ ಇರುವುದು ಇದೊಂದೇ ಗಾಡಿ. ಹರಪನಹಳ್ಳಿ ತಾಲೂಕಿನ ಅರಸೀಕೆರೆ ಆಚೆಯ ಒಂದು ಕುರಿಹಟ್ಟಿಯಿಂದ ವಾರವಾರ ಕುರಿ ತುಂಬಿಕೊಂಡು ಸಂತೆಗೆ ಮುಟ್ಟಿಸುವುದು ಅವಳ ಮುಖ್ಯ ಕೆಲಸ. ಹಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ, ಹಳ್ಳದ ನಡುವೆ ಎಮ್ಮೆ ಮಲಗಿದಂಥ ಕಲ್ಲು. ಕಳೆದ ಎರಡು ವಾರವೂ ಕುರಿ ತುಂಬಿದ ಗಾಡಿ ಆ ಕಲ್ಲಿಗೆ ಬಡಿದು ನಿಂತಿದೆ. ಎರಡನೆಯ ಸಲ ಹಟ್ಟಿಯ ಗಂಡಸರೆಲ್ಲ ಬಂದು ತಳ್ಳಬೇಕಾಯಿತು. ಹಟ್ಟಿಯ ಹಿರಿಯರಾದ ಪಕ್ಕೀರಮ್ಮ ಒಂದೇ ಮಾತು ಹೇಳಿದ್ದಾರೆ: ನಾಳೆ ಒಂದು ಸಲ ನೋಡುತ್ತೇನೆ, ಆಗಲಿಲ್ಲವೆಂದರೆ ದಾವಣಗೆರೆಯ ದೊಡ್ಡ ಗಾಡಿಯವನು ಇದ್ದಾನೆ. ಎಂಟು ಮನೆಗಳ ಕುರಿ, ವರ್ಷವಿಡೀ ಕೆಲಸ. ನಾಳೆ ಬೆಳಿಗ್ಗೆ ಅದು ಉಳಿಯಬೇಕು, ಇಲ್ಲವೇ ಹೋಗಬೇಕು.

ಅದಕ್ಕೇ ಕ್ರಾಂತಿ ಮೊಬೈಲಿನಲ್ಲಿ ನೋಡಿ, ಗಾಡಿ ಎತ್ತರಿಸುವ ಕಿಟ್ ಒಂದನ್ನು ತರಿಸಿದ್ದಾಳೆ. ನಾಲ್ಕು ಇಂಚಿನದು. ಕಬ್ಬಿಣದ ದಿಮ್ಮಿಗಳು, ಉದ್ದನೆಯ ಬೋಲ್ಟುಗಳು, ಎಲ್ಲ ಒಂದು ರಟ್ಟಿನ ಡಬ್ಬಿಯಲ್ಲಿವೆ. ಡಬ್ಬಿಯನ್ನು ಇನ್ನೂ ಒಡೆದಿಲ್ಲ. ಒಡೆಯಬೇಡ ಎಂದಿದ್ದಾರೆ ಮೈಲಮ್ಮ.

ಶೆಡ್ಡಿನ ಬೋರ್ಡಿನಲ್ಲಿ ಇರುವುದು ಗಂಡ ಚೌಡಣ್ಣನ ಹೆಸರು. 'ಚೌಡಣ್ಣ ಪಾಟಾ ವರ್ಕ್ಸ್'. ಗಾಡಿಯ ಭಾರ ಹೊರುವ ಬಾಗಿದ ಕಬ್ಬಿಣದ ಪಟ್ಟಿಗಳಿಗೆ ಇಲ್ಲಿ ಪಾಟಾ ಅನ್ನುತ್ತಾರೆ. ಒಂದರ ಮೇಲೊಂದು ಕೂತ ಏಳೆಂಟು ಪಟ್ಟಿಗಳು ಚಕ್ರದ ಮೇಲೆ ಗಾಡಿಯನ್ನು ಎತ್ತಿ ಹಿಡಿದಿರುತ್ತವೆ. ಚೌಡಣ್ಣ ಅವನ್ನು ಬಡಿದು ಬಾಗಿಸುವವರು. ಎಷ್ಟು ಬಾಗಿಸಬೇಕು, ಯಾವ ಗಾಡಿ ಎಷ್ಟು ಎತ್ತರ ನಿಲ್ಲಬೇಕು ಎಂದು ಹೇಳುವವರು ಮೈಲಮ್ಮ. ಹರಪನಹಳ್ಳಿಯಿಂದ ಹಗರಿಬೊಮ್ಮನಹಳ್ಳಿವರೆಗೆ ಡ್ರೈವರುಗಳಿಗೆ ಇದು ಗೊತ್ತು. ಬೋರ್ಡಿಗೆ ಗೊತ್ತಿಲ್ಲ.

ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಗೋಡೆ. ಮೊಳೆಗಳಿಂದ ಕಪ್ಪು ಹುರಿಗಳು ಇಳಿಬಿದ್ದಿವೆ. ಇನ್ನೂರ ಹದಿನಾಲ್ಕು ಹುರಿಗಳು, ಅಷ್ಟೇ ಗಾಡಿಗಳು. ಪ್ರತಿ ಹುರಿಯಲ್ಲೂ ಗಂಟುಗಳು. ನೆಲದಿಂದ ಅಳೆದರೆ ಮೊದಲ ಗಂಟು ದಾರಿಯಲ್ಲಿ ಸಿಗುವ ದೊಡ್ಡ ಕಲ್ಲಿನ ಎತ್ತರ. ಎರಡನೆಯದು ಭಾರ ಹೊತ್ತಾಗ ಗಾಡಿಯ ಬಾಡಿ ನಿಲ್ಲುವ ಎತ್ತರ, ಮೂರನೆಯದು ಖಾಲಿ ಇದ್ದಾಗಿನದು. ನಾಲ್ಕನೆಯ ಗಂಟನ್ನು ಅವರು ಕೆಂಪು ದಾರದಲ್ಲಿ ಕಟ್ಟುತ್ತಾರೆ. ಸರಕು ಹತ್ತಿಸುವ ಕಟ್ಟೆಯ ಎತ್ತರವದು. ಗಾಡಿ ರಸ್ತೆಗೆ ಹೊಂದಿದರೆ ಸಾಲದು, ಕಟ್ಟೆಗೂ ಹೊಂದಬೇಕು ಎನ್ನುವುದು ಅವರ ಲೆಕ್ಕ.

"ಟೇಪು ಇತ್ತ್ರಿ ಮೊದ್ಲು. ಗ್ರೀಸ್ ಹತ್ತಿ ಅಂಕಿ ಅಳಿಸಿಹೋದ್ವು. ನಾನೂ ಎರಡನೇ ಕ್ಲಾಸ್ ಓದಿದಾಕಿ, ನನಗೂ ಅಂಕಿಗೂ ಅಷ್ಟಕ್ಕಷ್ಟ," ಎನ್ನುತ್ತಾರೆ. "ಆಮ್ಯಾಲ ಉಣ್ಣಿ ದಾರದಾಗ ಅಳಿತಿದ್ದೆ. ಕುರಿ ಉಣ್ಣಿ ಜಗ್ಗತೈತಿ, ಸುಳ್ಳು ಹೇಳತೈತಿ. ಮ್ಯಾಕಿ ಕೂದ್ಲ ಜಗ್ಗಂಗಿಲ್ಲ ನೋಡ್ರಿ. ಅವತ್ತಿಂದ ಮ್ಯಾಕಿ ಕೂದ್ಲಿನ ಹುರಿ."

ಹುರಿ ಹೊಸೆಯಲು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಕೋಗಳಿ ಕಡೆಯ ಕುರಿಗಾರರ ಮಗಳು ಅವರು. ಹದಿನಾರರವರೆಗೆ ಅಪ್ಪನ ಹಿಂಡಿನ ಹಿಂದೆ ನಡೆದವರು. ಎಷ್ಟೋ ಊರು ನೋಡಿದ್ದೀರಲ್ಲ ಎಂದರೆ, ನೋಡಿದ್ದು ಕುರಿಗಳ ಬಾಲ ಅಷ್ಟೇ ಎಂದು ನಗುತ್ತಾರೆ. ದಾವಣಗೆರೆಯಲ್ಲಿ ಕೆಲಸ ಕಲಿತು ಬಂದ ಚೌಡಣ್ಣನನ್ನು ಮದುವೆಯಾಗಿ ಶೆಡ್ಡಿಗೆ ಬಂದಾಗ ಅವರ ಕೆಲಸ ಪಾಟಾದ ಇನ್ನೊಂದು ತುದಿ ಹಿಡಿದುಕೊಳ್ಳುವುದು. ಒಂದೊಂದು ಪಾಟಾ ಆರೇಳು ಕೆಜಿ. ಹಿಡಿದುಕೊಂಡು ನಿಂತವರಿಗೆ ಯೋಚನೆ ಮಾಡಲು ಸಮಯ ಸಿಗುತ್ತದೆ. ರಿಪೇರಿಯಾದ ಗಾಡಿಗಳು ತಿಂಗಳಲ್ಲೇ ವಾಪಸ್ ಬರುವುದು ಅವರ ಕಣ್ಣಿಗೆ ಬಿತ್ತು. ಗಂಡ ಕಬ್ಬಿಣವನ್ನು ನೋಡುತ್ತಾರೆ, ಗಾಡಿ ಏನು ಹೊರುತ್ತದೆಂದು ಕೇಳುವುದಿಲ್ಲ. ಮೈಲಮ್ಮ ಕೇಳತೊಡಗಿದರು. ಏನು ಹೊರ್ತೀ? ಯಾವ ದಾರಿ? ಎಲ್ಲಿ ತುಂಬ್ತೀ? ಎಲ್ಲಿ ಇಳಿಸ್ತೀ? ಅದಕ್ಕೀಗ ಇಪ್ಪತ್ತೆರಡು ವರ್ಷ.

ವಾರಕ್ಕೆ ಆರೇಳು ಗಾಡಿ ಬರುತ್ತವೆ. ಈರುಳ್ಳಿಯವು, ಮೆಕ್ಕೆಜೋಳದವು, ಹಡಗಲಿಯ ಮಲ್ಲಿಗೆ ಬುಟ್ಟಿಯವು. ಮಲ್ಲಿಗೆ ಗಾಡಿಗೆ ಒಂದು ಪಾಟಾ ಕಡಿಮೆ ಹಾಕಿಸುತ್ತಾರೆ. ಹೂವಿಗೆ ಭಾರವಿಲ್ಲ, ಗಾಡಿ ಬಿಗಿಯಾದರೆ ಕುಲುಕಿ ಕುಲುಕಿ ಮೊಗ್ಗು ಬಾಡುತ್ತದೆ ಎನ್ನುತ್ತಾರೆ. ಎಲ್ಲ ಗಾಡಿಗೂ ಅವರಲ್ಲಿ ಉತ್ತರವಿದೆ. ಕುರಿ ಗಾಡಿಯೊಂದನ್ನು ಬಿಟ್ಟು. ಕಳೆದ ಮೂರು ವರ್ಷದಿಂದ ಮೈಲಮ್ಮ ಕುರಿ ಗಾಡಿ ಮುಟ್ಟಿಲ್ಲ.

ಬಾಗಿಲ ಪಕ್ಕದ ಮೊಳೆಯಲ್ಲಿ ಒಂಟಿಯಾಗಿ ನೇತಾಡುವ ಹುರಿ ಅದಕ್ಕೆ ಕಾರಣ. ಅದು ಕುರಿ ವ್ಯಾಪಾರಿ ನಾಗೇಂದ್ರಪ್ಪನ ಪಿಕಪ್ಪಿನದು. ನಾಲ್ಕು ಇಂಚು ಎತ್ತಿಕೊಡು ಎಂದು ಅವರು ಹಟ ಹಿಡಿದಿದ್ದರು. ಮೈಲಮ್ಮ ಎಂದಿನಂತೆ ಮರಳಿನ ಚೀಲ ಹೇರಿ, ಅಳೆದು, ಎತ್ತಿಸಿಕೊಟ್ಟರು. ಅಳತೆಯಲ್ಲಿ ತಪ್ಪಿರಲಿಲ್ಲ. ಎಂಟನೆಯ ದಿನ ಒಂದು ತಿರುವಿನಲ್ಲಿ ನಾಯಿ ಅಡ್ಡ ಬಂತು, ನಾಗೇಂದ್ರಪ್ಪ ಸ್ಟೇರಿಂಗ್ ಎಳೆದರು. ಹಿಂದಿದ್ದ ಮೂವತ್ತು ಕುರಿಗಳು ಒಂದೇ ಪಕ್ಕಕ್ಕೆ ಓಡಿದವು. ಎತ್ತರದ ಗಾಡಿ ಹಾಗೇ ಮಗುಚಿತು. ನಾಗೇಂದ್ರಪ್ಪನ ಮೊಣಕೈ ತರಚಿತು. ಏಳು ಕುರಿ ಸತ್ತವು.

"ನಾಗೇಂದ್ರಪ್ಪ ತಾನ ಬಂದು ಹೇಳಿದ, ನಿಂದೇನು ತಪ್ಪಿಲ್ಲವ್ವ, ನಾಯಿದು ಅಂತ. ಒಳ್ಳೇ ಮನ್ಷ," ಎನ್ನುವಾಗ ಅವರ ಕಣ್ಣು ಹುರಿಯ ಮೇಲಿದೆ. "ಈರುಳ್ಳಿ ಚೀಲ ಇಟ್ಟಲ್ಲೇ ಇರತೈತಿ. ಕುರಿ ಇಟ್ಟಲ್ಲಿ ಇರಂಗಿಲ್ಲ. ಒಂದು ಹೊಳ್ಳಿದ ಕಡಿ ಎಲ್ಲಾ ಹೊಳ್ಳತಾವ. ಇದನ್ನ ಯಾರರ ನನಗ ಹೇಳ್ಕೊಡಬೇಕಿತ್ತೇನ್ರಿ? ಕುರಿಯೊಳಗ ಹುಟ್ಟಿದಾಕಿ ನಾನು. ಮರಳು ಹೇರಿ ಕುರಿ ಅಳದೆ."

ಹಾಗಾದರೆ ಕ್ರಾಂತಿಯ ಗಾಡಿಯನ್ನು ಒಪ್ಪಿಕೊಂಡದ್ದು ಯಾಕೆ? ಅವರು ಕೆಳಗಿನಿಂದ ಈಚೆಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಹುಡುಗಿಯ ಕಡೆ ಗದ್ದ ತೋರಿಸುತ್ತಾರೆ. "ನಾ ಬ್ಯಾಡ ಅಂದ್ರ ಇಕಿ ಬ್ಯಾರೆ ಕಡಿ ಹೋಗಿ ನಾಕಿಂಚು ಹಾಕಿಸ್ಕೊಂಡ ಬರ್ತಾಳ. ಬ್ಯಾಡ ಅಂದು ನಾ ಸುಮ್ನ ಮನ್ಯಾಗ ಕುಂದ್ರಾಕ ಆಗತೈತಿ?"

ತಪಾಸಣೆಯ ತೀರ್ಪು ಕ್ರಾಂತಿಗೆ ರುಚಿಸುವುದಿಲ್ಲ. ಹಿಂದಿನ ಆಕ್ಸಲ್ ನಡುವೆ ಇರುವ ಡ್ರೈವರುಗಳು ಗುಂಡು ಎಂದು ಕರೆಯುವ ಉಬ್ಬಿದ ಭಾಗಕ್ಕೆ ಒಂದು ಗೀರೂ ಇಲ್ಲ. ಸೈಲೆನ್ಸರಿಗೂ ಇಲ್ಲ. ಏಟೆಲ್ಲ ಬಿದ್ದಿರುವುದು ಬಾಡಿಯ ಅಡಿಯಲ್ಲಿ ಜೋತಾಡುವ ಸ್ಟೆಪ್ನಿ ಚಕ್ರಕ್ಕೆ.

"ಕಿಟ್ ಹಾಕಿದ್ರ ಮೈ ಏಳತೈತಿ, ಗುಂಡು ಏಳಂಗಿಲ್ಲ. ಗುಂಡು ಏಳಬೇಕಂದ್ರ ದೊಡ್ಡ ಟೈರ್ ಹಾಕಬೇಕು. ನಿನ್ನ ಗುಂಡಿಗೆ ಏನೂ ಆಗಿಲ್ಲ. ಗಾಡಿ ಗಿಡ್ಡ ಇಲ್ಲವ್ವ, ಸ್ಟೆಪ್ನಿ ಕೆಳಗೈತಿ, ಪಾಟಾ ಸುಸ್ತಾಗ್ಯಾವ. ಸ್ಟೆಪ್ನಿ ತಗದು ಕ್ಯಾಬಿನ್ ಹಿಂದ ನಿಂದ್ರಿಸೋಣು. ಪಾಟಾ ಬಡದು, ಒಂದು ಹೊಸಾದು ಸೇರಿಸಿ, ಎರಡು ಬೆರಳು ಎತ್ತೋಣು. ಸಾಕು."

"ಎರಡ ಬೆರಳಾ?" ಕ್ರಾಂತಿಯ ದನಿ ಏರುತ್ತದೆ. "ಮೈಲಕ್ಕ, ವಿಡಿಯೋದಾಗ ನೋಡು, ನಾಕಿಂಚು ಎತ್ತಿದ್ರ ಗಾಡಿ ಹುಲಿ ಹಂಗ ಕಾಣತೈತಿ."

"ಹುಲಿ ಹಂಗ ಕಂಡ್ರ ಕುರಿ ಹತ್ತತಾವೇನು?"

ಚಹಾದಂಗಡಿ ಮತ್ತೆ ನಗುತ್ತದೆ. ಆದರೆ ಮೈಲಮ್ಮ ಬೆರಳು ಮಡಚಿ ಉಳಿದದ್ದನ್ನೂ ಹೇಳುತ್ತಾರೆ. ನಾಲ್ಕು ಇಂಚು ಎತ್ತಿದರೆ ಬ್ರೇಕಿನ ಪೈಪು ಜಗ್ಗಿ ಹಿಡಿಯುತ್ತದೆ. ಇಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಹೋಗುವ ರಾಡು ಸೊಟ್ಟಗಾಗಿ ಅದರ ಜಾಯಿಂಟು ತಿಂದುಹೋಗುತ್ತದೆ. ಎಫ್‌ಸಿಗೆ, ಅಂದರೆ ಗಾಡಿಯ ಅರ್ಹತಾ ಪತ್ರಕ್ಕೆ, ಹೋದಾಗ ತಕರಾರು ತೆಗೆಯುತ್ತಾರೆ. ಕೊನೆಯ ಬೆರಳು ಮಡಚುವಾಗ ಬಾಗಿಲ ಪಕ್ಕದ ಹುರಿಯ ಕಡೆ ನೋಡುತ್ತಾರೆ ಅಷ್ಟೇ. ಕ್ರಾಂತಿಯೂ ಆ ಕಡೆ ನೋಡುತ್ತಾಳೆ. ಡಬ್ಬಿಯನ್ನು ಎತ್ತಿ ಸೀಟಿನ ಹಿಂದೆ ಇಡುತ್ತಾಳೆ. ಒಡೆದಿಲ್ಲವಾದ್ದರಿಂದ ವಾಪಸ್ ಕಳಿಸಬಹುದು.

ಮಧ್ಯಾಹ್ನದವರೆಗೆ ಚೌಡಣ್ಣನ ಸುತ್ತಿಗೆಯದೇ ಮಾತು. ಪಾಟಾವನ್ನು ಬೆಂಕಿಗೆ ಹಾಕದೆ ತಣ್ಣಗೇ ಬಡಿಯುತ್ತಾರೆ ಅವರು. ಕಾಸಿದರೆ ಬೇಗ ಬಾಗುತ್ತದೆ, ಆದರೆ ಕಬ್ಬಿಣದ ಕಸುವು ಹೋಗುತ್ತದೆ. ಒಂದು ಪಾಟಾಕ್ಕೆ ಮುನ್ನೂರಕ್ಕೂ ಮೇಲೆ ಪೆಟ್ಟು, ಒಂದರ ಪಕ್ಕ ಇನ್ನೊಂದು, ಬೆರಳಗಲ ಬಿಟ್ಟು. ಬಲಗಿವಿ ಮಂದವಾಗಿ ಹತ್ತು ವರ್ಷವಾಯಿತು. "ಲೇ ಮೈಲಿ, ಸಾಕೇನು?" ಎಂದು ಕೂಗುತ್ತಾರೆ. ಮೈಲಮ್ಮ ಕೈ ಎತ್ತಿ ತೋರಿಸುತ್ತಾರೆ: ಇನ್ನೊಂದು ನೂಲಿನಷ್ಟು. ಬೋರ್ಡಿನಲ್ಲಿ ತನ್ನ ಹೆಸರಷ್ಟೇ ಇರುವುದರ ಬಗ್ಗೆ ಕೇಳಿದರೆ ಚೌಡಣ್ಣ ಸುತ್ತಿಗೆ ಕೆಳಗಿಡುತ್ತಾರೆ. "ಬರಸ್ತೀನಿ ಅಂದೆ. ಬ್ಯಾಡ ಅಂದ್ಲು. ಹೆಸ್ರು ಇದ್ರ ಬೈಯಾಕ ನೆಟ್ಟಗ ಆಕಿ ಹಂತ್ಯಾಕ ಬರ್ತಾರಂತ, ಈಗ ಎಲ್ಲಾ ನನ್ನ ಬೈತಾರ."

ಮೂರು ಗಂಟೆಯ ಹೊತ್ತಿಗೆ ಗಾಡಿ ತನ್ನ ಕಾಲ ಮೇಲೆ ನಿಲ್ಲುತ್ತದೆ. ಶೆಡ್ಡಿನಲ್ಲಿರುವ ಮರಳಿನ ಚೀಲ ಇಪ್ಪತ್ತಾರನ್ನೂ ಹೇರುತ್ತಾರೆ. ಹುರಿಗೆ ಎರಡನೆಯ ಗಂಟು ಬೀಳುತ್ತದೆ. ಮೂರು ವರ್ಷದ ಹಿಂದೆ ಮೈಲಮ್ಮ ನಿಲ್ಲಿಸಿದ್ದು ಇಲ್ಲಿಗೇ. ಈ ಸಲ ನಿಲ್ಲಿಸುವುದಿಲ್ಲ. ಚೀಲ ಇಳಿಸಲು ಹೇಳಿ ಚಹಾದಂಗಡಿಯ ಮುಂದೆ ಹೋಗಿ ನಿಲ್ಲುತ್ತಾರೆ.

"ಏಳ್ರಿ ಎಲ್ಲಾರೂ. ಒಂದೀಟು ಕುರಿ ಆಗ್ರಿ."

ಹದಿನಾಲ್ಕು ಮಂದಿ ಡ್ರೈವರುಗಳು, ಕ್ಲೀನರುಗಳು, ಚಹಾ ಕುಡಿಯಲು ಬಂದ ಒಬ್ಬ ಲೈನ್‌ಮನ್ ಬಾಡಿ ಹತ್ತುತ್ತಾರೆ. ಕ್ರಾಂತಿ ಗಾಡಿಯನ್ನು ಶೆಡ್ಡಿನ ಪಕ್ಕದ ಬಯಲಲ್ಲಿ ನಡೆವ ವೇಗದಲ್ಲಿ ಸುತ್ತು ಹಾಕುತ್ತಾಳೆ. ಬಾಡಿಯ ಅಂಚಿಗೆ ಹುರಿ, ಹುರಿಯ ತುದಿಗೆ ಒಂದು ನಟ್ಟು ತೂಗುಬಿಟ್ಟಿದ್ದಾರೆ; ಗಾಡಿ ಮಿತಿ ಮೀರಿ ವಾಲಿದರೆ ಅದು ಟೈರಿಗೆ ತಾಗುತ್ತದೆ. ಮೈಲಮ್ಮ ಪಕ್ಕದಲ್ಲೇ ನಡೆಯುತ್ತ ಕೂಗುತ್ತಾರೆ. "ಎಡಕ್ಕ!" ಹದಿನೈದು ಗಂಡಸರು ಎಡಕ್ಕೆ ನುಗ್ಗುತ್ತಾರೆ. "ಬಲಕ್ಕ!"

"ಬ್ಯಾ ಅನ್ನಬೇಕೇನು, ಮೈಲಕ್ಕ?" ಯಾರೋ ಮೇಲಿನಿಂದ ಕೇಳುತ್ತಾರೆ.

"ಬ್ಯಾಡ. ನಿನ್ನ ದನಿ ಕೇಳಿದ್ರ ಖರೇ ಕುರಿ ಓಡಿಹೋಗ್ತಾವ."

ನಟ್ಟು ತೂಗಿ ತೂಗಿ ಟೈರಿನ ಹತ್ತಿರ ಬರುತ್ತದೆ. ಮುಟ್ಟುವುದಿಲ್ಲ. ವಾಪಸ್ ಬಂದು ನಡುವೆ ನಿಲ್ಲುತ್ತದೆ. ಮೈಲಮ್ಮ ನಗುವುದಿಲ್ಲ. ಹನ್ನೆರಡು ಸಲ ಮಾಡಿಸುತ್ತಾರೆ. ಲೈನ್‌ಮನ್ ತಲೆ ತಿರುಗುತ್ತದೆಂದು ಇಳಿದುಹೋಗುತ್ತಾನೆ. "ಮರಳು ಮಲಗಿದ ಭಾರ," ಎನ್ನುತ್ತಾರೆ ಮೈಲಮ್ಮ. "ಇದು ಎದ್ದ ಭಾರ. ಎರಡೂ ನೋಡಬೇಕು. ಅವತ್ತು ಒಂದ ನೋಡಿದೆ."

ಮರುದಿನ ಬೆಳಕು ಹರಿಯುವ ಹೊತ್ತಿಗೆ ಪಿಕಪ್ ಹಳ್ಳದ ಹತ್ತಿರ ಇದೆ. ಮೈಲಮ್ಮ ಇಳಿದು, ಸೀರೆ ಮೇಲೆ ಕಟ್ಟಿ, ಎಮ್ಮೆಕಲ್ಲಿನ ಪಕ್ಕದಲ್ಲಿ ಹುರಿ ಹಿಡಿದು ಕೂರುತ್ತಾರೆ. ಬಾಕಿ ಇದ್ದ ಮೊದಲ ಗಂಟು, ಕಲ್ಲಿನ ಎತ್ತರದ್ದು, ಕಟ್ಟುತ್ತಾರೆ. ಖಾಲಿ ಗಾಡಿ ಸಲೀಸಾಗಿ ದಾಟುತ್ತದೆ. ಖಾಲಿ ಗಾಡಿ ಕಳೆದ ವಾರವೂ ದಾಟಿತ್ತು. ಕ್ರಾಂತಿ ಬೆವರು ಒರೆಸಿಕೊಳ್ಳುತ್ತಾಳೆ.

ಹಟ್ಟಿಯಲ್ಲಿ ಪಕ್ಕೀರಮ್ಮ ಕೋಲಿಗೆ ಗದ್ದ ಊರಿ ಕೂತಿದ್ದಾರೆ. ಎಪ್ಪತ್ತರ ಆಚೆಯ ಮುದುಕಿ. ಕಣ್ಣು ಗಾಡಿಯ ಮೇಲೆ ಒಂದು ಸಲ ಹರಿದು ಬರುತ್ತದೆ.

"ಏನು ಮಾಡಿಸ್ಕೊಂಡು ಬಂದ್ಯವ್ವ? ಹಂಗ ಐತಲ್ಲ."

"ಎರಡು ಬೆರಳು ಎತ್ಯಾರ, ಅಜ್ಜಿ."

"ಎರಡು ಬೆರಳಿಗೆ ಇಬ್ಬಿಬ್ಬರು ಬಂದೀರಾ?"

ಕುರಿ ಹತ್ತಿಸಲು ಹಟ್ಟಿಯ ಅಂಚಿನಲ್ಲಿ ಕಲ್ಲು ಮಣ್ಣಿನ ದಿಬ್ಬವಿದೆ. ಗಾಡಿಯನ್ನು ಹಿಂದಕ್ಕೆ ತಂದು ದಿಬ್ಬಕ್ಕೆ ಒರಗಿಸಬೇಕು, ಕುರಿ ತಾವಾಗಿ ನಡೆದು ಒಳಗೆ ಹೋಗಬೇಕು. ಮೈಲಮ್ಮ ಕೆಂಪು ದಾರದ ಗಂಟು ಕಟ್ಟುತ್ತಾರೆ. ದಿಬ್ಬಕ್ಕಿಂತ ಬಾಡಿ ಈಗ ಎರಡು ಬೆರಳು ಮೇಲೆ. ಮುಂದಿದ್ದ ಟಗರು ಅಂಚಿಗೆ ಬಂದು ನಿಲ್ಲುತ್ತದೆ. ಹಿಂದೆ ಇಪ್ಪತ್ತೊಂಬತ್ತು ಕುರಿ ನಿಲ್ಲುತ್ತವೆ. ಮೈಲಮ್ಮ ಯಾರನ್ನೂ ಕೇಳದೆ ಪಕ್ಕೀರಮ್ಮನ ಹೆಗಲ ಮೇಲಿನ ಕಂಬಳಿ ಎಳೆದುಕೊಂಡು, ಮಡಚಿ, ದಿಬ್ಬಕ್ಕೂ ಬಾಡಿಗೂ ನಡುವೆ ಹಾಸುತ್ತಾರೆ. ಟಗರು ಮೂಸುತ್ತದೆ. ಗೊತ್ತಿರುವ ವಾಸನೆ. ಕಾಲಿಡುತ್ತದೆ. ಉಳಿದವು ಅದರ ಬಾಲಕ್ಕೆ ಬಾಲ.

"ನಾಕಿಂಚು ಎತ್ತಿದ್ರ ಕಂಬ್ಳಿ ಅಲ್ಲ, ಏಣಿ ತರಬೇಕಿತ್ತು," ಎಂದು ಮೈಲಮ್ಮ ಕ್ರಾಂತಿಯ ಕಡೆ ನೋಡದೆ ಹೇಳುತ್ತಾರೆ.

ಪಕ್ಕೀರಮ್ಮ ಮುಂದೆ ಕ್ರಾಂತಿಯ ಪಕ್ಕ ಕೂರುತ್ತಾರೆ. ಮೈಲಮ್ಮ ಹಿಂದೆ, ಕುರಿಗಳ ನಡುವೆ, ಸೊಂಟದವರೆಗೆ ಉಣ್ಣೆಯಲ್ಲಿ ಮುಳುಗಿ ನಿಲ್ಲುತ್ತಾರೆ. ಹಳ್ಳಕ್ಕೆ ಇಳಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ನೋಡುವುದರಿಂದ ಪ್ರಯೋಜನವಿಲ್ಲ, ಕೇಳಬೇಕು. ಚಕ್ರದ ಕೆಳಗೆ ಗೊರಜು ಕಲ್ಲು ಸರಿಯುತ್ತದೆ, ಪಾಟಾಗಳು ಒಮ್ಮೆ ನರಳುತ್ತವೆ, ಗಾಡಿ ಬಾಗುತ್ತದೆ. ಕಲ್ಲಿನ ಏಟಿಗೆ ಎಲ್ಲರೂ ಕಾಯುತ್ತಾರೆ. ಏಟು ಬರುವುದಿಲ್ಲ. ಗಾಡಿ ಆಚೆ ದಡ ಹತ್ತಿ ನಿಂತಾಗ ಕ್ರಾಂತಿ ಹಾರನ್ ಒತ್ತುತ್ತಾಳೆ, ಕುರಿಗಳು ಬೆಚ್ಚುತ್ತವೆ, ಮೈಲಮ್ಮ ಕ್ಯಾಬಿನ್ ಮೇಲೆ ಗುದ್ದಿ ಬೈಯುತ್ತಾರೆ.

ಹಳ್ಳ ದಾಟಿದ್ದು ಕ್ರಾಂತಿಗೆ ಸಾಕು. ಮೈಲಮ್ಮನಿಗೆ ಸಾಲದು. ರಸ್ತೆಗೆ ಬಂದ ಮೇಲೆ ಮೊದಲ ತಿರುವಿನಲ್ಲಿ ಕುರಿಗಳು ಒಂದಾಗಿ ಎಡಕ್ಕೆ ಸರಿಯುತ್ತವೆ. ಅಂಚಿನ ನಟ್ಟು ಟೈರಿನ ಕಡೆ ತೂಗುತ್ತದೆ, ತಡೆಯುತ್ತದೆ, ಹಿಂದಿರುಗುತ್ತದೆ. ಎರಡನೆಯ ತಿರುವು. ಮೂರನೆಯದು. ಮೈಲಮ್ಮ ಈಗ ನಟ್ಟನ್ನು ನೋಡುತ್ತಿಲ್ಲ, ಕುರಿಗಳ ಬಾಯಿ ನೋಡುತ್ತಿದ್ದಾರೆ. ಹೆದರಿದ ಕುರಿ ದವಡೆ ಬಿಗಿ ಹಿಡಿದಿರುತ್ತದೆ. ಕಾಲ ಕೆಳಗಿನ ನೆಲ ನಂಬಿಕೆ ಹುಟ್ಟಿಸಿದರೆ ಮಾತ್ರ ಅದು ತಿಂದದ್ದನ್ನು ಮತ್ತೆ ಬಾಯಿಗೆ ತಂದುಕೊಳ್ಳುತ್ತದೆ. ಇದು ಹದಿನಾರರವರೆಗೆ ಹಿಂಡಿನ ಹಿಂದೆ ನಡೆದು ಕಲಿತ ವಿದ್ಯೆ.

ಅರ್ಧ ದಾರಿಯಾಗಿದೆ. ಮೂಲೆಯಲ್ಲಿ ನಿಂತ ಒಂದು ಕಂದು ಕುರಿಯ ಕೆಳದವಡೆ ಪಕ್ಕಕ್ಕೆ ಸರಿಯುತ್ತದೆ. ಮತ್ತೆ ಸರಿಯುತ್ತದೆ. ಮೈಲಮ್ಮ ಕ್ಯಾಬಿನ್ ಮೇಲೆ ಎರಡು ಸಲ ತಟ್ಟುತ್ತಾರೆ. ಗಾಡಿ ನಿಲ್ಲುತ್ತದೆ. ಕ್ರಾಂತಿ ಗಾಬರಿಯಾಗಿ ಓಡಿ ಬರುತ್ತಾಳೆ.

"ಏನಾತು ಮೈಲಕ್ಕ? ಬಿತ್ತೇನು?"

"ಏನಿಲ್ಲ. ನೋಡಿಲ್ಲಿ. ಮೆಲುಕು ಹಾಕಾಕತ್ತೈತಿ."

ಪಕ್ಕೀರಮ್ಮ ಕೋಲೂರಿಕೊಂಡು ಹಿಂದೆ ಬರುವ ಹೊತ್ತಿಗೆ ಇನ್ನೂ ಮೂರು ಕುರಿಗಳ ದವಡೆ ಆಡುತ್ತಿದೆ. ಟಗರು ಕಾಲು ಮಡಚಿ ಕೂತೇ ಬಿಟ್ಟಿದೆ. ಮುದುಕಿ ಹಲಗೆಯ ಸಂದಿಯಿಂದ ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಕ್ರಾಂತಿಯ ಕಡೆ ತಿರುಗುತ್ತಾರೆ.

"ಆ ದಾವಣಗೇರಿಯಂವಗ ಫೋನ್ ಹಚ್ಚು. ಬರಬ್ಯಾಡ ಅನ್ನು."

"ನಾನ ಹೇಳ್ಲೇನಜ್ಜಿ?"

"ಮತ್ಯಾರು, ಟಗರು ಹೇಳತೈತೇನು?" ಎಂದು ಕೈ ಚಾಚುತ್ತಾರೆ, ಮೈಲಮ್ಮನ ಕಡೆಗೆ. "ನನ್ನ ಕಂಬ್ಳಿ ಕೊಡಬೇ. ಚಳಿ ಹತ್ತೈತಿ."

ಸಂತೆ ಮುಗಿಸಿ ಮಧ್ಯಾಹ್ನ ಶೆಡ್ಡಿಗೆ ಮರಳಿದಾಗ ಮೈಲಮ್ಮನ ಸೀರೆಯ ತುಂಬ ಉಣ್ಣೆ ಅಂಟಿದೆ. ಇಷ್ಟೆಲ್ಲ ಆದ ಮೇಲೆ ಏನು ಆಸೆ ಎಂದರೆ ಬೋರ್ಡಿನ ಮಾತೇ ಎತ್ತುವುದಿಲ್ಲ. "ಹಟ್ಟಿಗೊಂದು ದಿಬ್ಬ, ದಿಬ್ಬಕ್ಕೊಂದು ಎತ್ತರ. ಎಲ್ಲಾ ಹಟ್ಟಿಯೋರೂ ಕೂಡಿ ಒಂದ ಅಳತಿ ಮಾಡಿದ್ರ ಕುರಿ ಕಾಲು ಮುರಿಯಂಗಿಲ್ಲ, ಡ್ರೈವರ್ರೂ ಸುಮ್ಸುಮ್ನ ಗಾಡಿ ಎತ್ತಸಂಗಿಲ್ಲ. ನಾನು ಹುರಿ ಕೊಡ್ತೀನಿ. ಅಷ್ಟಾದ್ರ ಸಾಕ್ರಿ."

ಕ್ರಾಂತಿಯ ಗಾಡಿಯ ಹುರಿಯನ್ನು ಅವರು ಒಳಗಿನ ಗೋಡೆಗೆ ಹಾಕುವುದಿಲ್ಲ. ಬಾಗಿಲ ಪಕ್ಕದ ಮೊಳೆಗೆ, ಮೂರು ವರ್ಷದಿಂದ ಒಂಟಿಯಾಗಿದ್ದ ನಾಗೇಂದ್ರಪ್ಪನ ಹುರಿಯ ಜೊತೆಗೆ ಹಾಕುತ್ತಾರೆ. ಎರಡನ್ನೂ ಕೈಯಲ್ಲಿ ಸವರಿ ಸಮ ಮಾಡುತ್ತಾರೆ.

ಅಷ್ಟರಲ್ಲಿ ಹೊರಗೆ ಇನ್ನೊಂದು ಪಿಕಪ್ ಬಂದು ನಿಲ್ಲುತ್ತದೆ. ಸಂತೆಯಿಂದ ಸುದ್ದಿ ಗಾಡಿಗಿಂತ ಬೇಗ ಬಂದಿರಬೇಕು. ಡ್ರೈವರ್ ಇಳಿಯದೆ ಕಿಟಕಿಯಿಂದಲೇ, ಸ್ವಲ್ಪ ಅಳುಕುತ್ತ ಕೇಳುತ್ತಾನೆ: "ಮೈಲಕ್ಕ, ಕುರಿ ಗಾಡಿ ಹಿಡಿತೀಯೇನು?"

ಮೈಲಮ್ಮ ಇನ್ನೂ ಗಂಟು ಬೀಳದ ಹೊಸ ಹುರಿಯೊಂದನ್ನು ಇನ್ನೊಂದು ಮೊಳೆಯಿಂದ ಎಳೆದುಕೊಂಡು ಹೊರಗೆ ಬರುತ್ತಾರೆ.

"ಹಿಡಿತೀನಿ. ಮೊದ್ಲು ನಿಮ್ಮ ದಿಬ್ಬ ತೋರ್ಸು."